ತಿದ್ದುವ ಕೈಗೂ ಪಾಠ ಬೇಕು

ನಾವು ಉಪಾಧ್ಯಾಯ ವೃತ್ತಿಗೆ ಸೇರಿ ಮೂವತ್ತು ವರ್ಷಗಳಾಗುತ್ತ ಬಂದವು. ಈ ಅವಧಿಯಲ್ಲಿ ನಾವು ಮಾಡಿದ ತಪ್ಪುಗಳ ಪಟ್ಟಿ ಸಣ್ಣದಲ್ಲ. ಅವುಗಳಲ್ಲಿ ಒಂದನ್ನು ಈ ಪುಟಗಳಲ್ಲಿ ವಾಚಕರ ಮುಂದಿಡಬೇಕೆಂದು ಬಹು ದಿನಗಳಿಂದ ಯೋಚಿಸುತ್ತಿದ್ದೆವು. ಗಡಿಯ ಈಚೆ ಕನ್ನಡ ಮಕ್ಕಳನ್ನು ಬೆಳೆಸುತ್ತಿರುವ ಪ್ರತಿಯೊಂದು ಮನೆಗೂ ಅದು ಸಂಬಂಧಿಸಿದ ಸಂಗತಿಯೆಂದು ನಮ್ಮ ನಂಬಿಕೆ.

ಪೆನ್ನಾಗರಂ ಧರ್ಮಪುರಿ ಜಿಲ್ಲೆಯ ತಾಲ್ಲೂಕು ಕೇಂದ್ರ. 1965ರ ಅಕ್ಟೋಬರ್ 2ರವರೆಗೆ ಇದು ಸೇಲಂ ಜಿಲ್ಲೆಗೆ ಸೇರಿತ್ತು. ಇಲ್ಲಿಂದ ಪಶ್ಚಿಮಕ್ಕೆ ಕಾಡಿನ ತಿರುವುಗಳಲ್ಲಿ ಇಳಿದರೆ ಹೊಗೇನಕಲ್. ಕಾವೇರಿಯ ಆಚೆ ದಡ ಕರ್ನಾಟಕ. ಈ ದಾರಿಯ ಆಸುಪಾಸಿನ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ತಲೆಮಾರುಗಳಿಂದ ನೆಲಸಿವೆ. ಮಕ್ಕಳು ಶಾಲೆಯಲ್ಲಿ ತಮಿಳನ್ನು ಚೆನ್ನಾಗಿಯೇ ಕಲಿಯುತ್ತಾರೆ. ಅದು ಅವರಿಗೆ ಅನ್ನ ಕೊಡುವ ವಿದ್ಯೆ. ಒಲೆಯ ಮುಂದೆ, ಹೊಲದ ಬದುವಿನಲ್ಲಿ, ಮದುವೆಯ ಚಪ್ಪರದಲ್ಲಿ ಕನ್ನಡ ಆಡುತ್ತಾರೆ. ಆದರೆ ಆಡುವ ನಾಲಗೆ ಇರುವ ಮನೆಯಲ್ಲಿ ಬರೆಯುವ ಕೈ ಇಲ್ಲ. ಅಜ್ಜಿಗೆ ಬಂದ ಕನ್ನಡ ಲಗ್ನಪತ್ರಿಕೆಯನ್ನು ಓದಿ ಹೇಳಲು ಮನೆಯಲ್ಲಿ ಒಬ್ಬರಿಲ್ಲದ ಸಂದರ್ಭಗಳನ್ನು ನಾವೇ ಕಂಡಿದ್ದೇವೆ.

ಆದಕಾರಣ ಶನಿವಾರಗಳಂದು ನಮ್ಮ ಮನೆಯ ಜಗುಲಿಯಲ್ಲಿ ಕೆಲವು ಮಕ್ಕಳಿಗೆ ಕನ್ನಡದ ಕಾಗುಣಿತ ಹೇಳಿಕೊಡುತ್ತಿದ್ದೆವು. 2020ರ ಮಾರ್ಚ್‌ನಲ್ಲಿ ಮಹಾಮಾರಿಯಿಂದಾಗಿ ಶಾಲೆಗಳು ಮುಚ್ಚಿದಾಗ ಜಗುಲಿಯೂ ಬರಿದಾಯಿತು. ತಮಿಳುನಾಡಿನಲ್ಲಿ ಒಂದರಿಂದ ಎಂಟರವರೆಗಿನ ತರಗತಿಗಳು ಮತ್ತೆ ತೆರೆದದ್ದು 2021ರ ನವೆಂಬರ್ 1ರಂದು. ಈ ನಡುವೆ ಪಾಠವೆಲ್ಲ ದೂರದರ್ಶನಕ್ಕೂ ಕೈಫೋನಿಗೂ ಹೋಯಿತು. ಬೆಂಗಳೂರಿನ ಹೊರವಲಯದ ಶಾಲೆಯೊಂದರಲ್ಲಿ ಕನ್ನಡ ಉಪಾಧ್ಯಾಯರಾಗಿರುವ ನಮ್ಮ ಷಡ್ಡಕರು ಆಗ ಒಂದು ಸಲಹೆ ಕೊಟ್ಟರು: ನಮ್ಮ ಹನ್ನೊಂದು ಮಕ್ಕಳು, ಅವರ ಹದಿನೆಂಟು ಮಕ್ಕಳು, ವಾರಕ್ಕೊಂದು ಪುಟ ಕನ್ನಡ ಬರೆಯುವುದು, ಪುಟದ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಕಳುಹಿಸುವುದು, ಇಲ್ಲಿಯವರದನ್ನು ಅಲ್ಲಿಯವರು, ಅಲ್ಲಿಯವರದನ್ನು ಇಲ್ಲಿಯವರು ಓದಿ ತಿದ್ದುವುದು. ನಮಗೆ ಬಹಳ ಹಿಡಿಸಿತು. ತಿದ್ದುವ ಭಾರ ನಮ್ಮ ಹೆಗಲಿನಿಂದ ಇಳಿಯುತ್ತದೆಂಬ ಆಸೆಯೂ ಇತ್ತೆಂಬುದನ್ನು ಮರೆಮಾಚುವುದಿಲ್ಲ.

ಮೂರನೆಯ ವಾರದಲ್ಲಿ ಎಡವಿದೆವು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ತನ್ನ ತಂದೆಯ ಕೆಲಸವನ್ನು ಕುರಿತು ಒಂದು ಪುಟ ಬರೆದಿದ್ದಳು. ಆಕೆಯ ತಂದೆ ಹೊಗೇನಕಲ್ಲಿನಲ್ಲಿ ಪ್ರವಾಸಿಗರನ್ನು ಬುಟ್ಟಿಯಂಥ ದುಂಡು ದೋಣಿಯಲ್ಲಿ ಸುತ್ತಿಸಿ ತರುವವನು. ಅದನ್ನು ಅವಳು ಊರಿನ ವಾಡಿಕೆಯಂತೆ ‘ಪರಿಸಲು’ ಎಂದೇ ಬರೆದಿದ್ದಳು. ಮರಳಿ ಬಂದ ಪುಟದ ಮೇಲೆ ಹದಿನಾಲ್ಕು ಕೆಂಪು ಗೆರೆಗಳಿದ್ದವು. ‘ಪರಿಸಲು’ ಬಂದ ಕಡೆಯಲ್ಲೆಲ್ಲ ಅದನ್ನು ಹೊಡೆದು ‘ದೋಣಿ’ ಎಂದು ಬರೆಯಲಾಗಿತ್ತು. ಕೊನೆಯಲ್ಲಿ ಒಂದು ಸಾಲು: “ಇದು ಕನ್ನಡವೇ ಅಲ್ಲ.”

ಅದನ್ನು ಬರೆದವನು ಏಳನೆಯ ತರಗತಿಯ ಹುಡುಗ. ನಾವು ಅದನ್ನು ಓದದೆಯೇ ಹುಡುಗಿಗೆ ರವಾನಿಸಿದ್ದೆವು. ಮುಂದಿನ ವಾರ ಅವಳಿಂದ ಪುಟ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾವು ಅವರ ಮನೆಗೆ ಹೋದೆವು. ಹುಡುಗಿ ಒಳಗಿನಿಂದ ಬರಲಿಲ್ಲ. ಅಜ್ಜಿ ನೀರು ಕೊಟ್ಟು, ಎದುರಿಗೆ ಕುಳಿತು ಕೇಳಿದರು: “ಮೇಷ್ಟ್ರೇ, ಹಂಗಾರೆ ನಾವು ಇಷ್ಟು ದಿನ ಆಡಿದ್ದು ಕನ್ನಡ ಅಲ್ವಾ?”

ನಮ್ಮಲ್ಲಿ ಉತ್ತರವಿತ್ತು, ಆದರೆ ಆ ಕ್ಷಣ ಅದನ್ನು ಹೇಳಲು ಬಾಯಿ ಬರಲಿಲ್ಲ. ತಪ್ಪು ಹುಡುಗನದಲ್ಲ. ತಿದ್ದುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವರು ನಾವು.

ಘಟ್ಟದ ಮೇಲಿನ ನಾಲ್ವರು ಹುಡುಗರು

ಮನೆಗೆ ಬಂದು ಯೋಚಿಸುತ್ತಿದ್ದಾಗ, ತರಬೇತಿಯ ದಿನಗಳಲ್ಲಿ ಓದಿದ್ದ ಒಂದು ಪ್ರಸಂಗ ನೆನಪಾಯಿತು. ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ 1623ರ ನವೆಂಬರ್‌ನಲ್ಲಿ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಗೇರುಸೊಪ್ಪೆಯ ಘಟ್ಟವನ್ನೇರಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋಗುತ್ತಿದ್ದನು. ದಾರಿಯಲ್ಲಿ ಹೊರೆಗಳನ್ನು ಕಟ್ಟಿಸುತ್ತಿದ್ದ ಬಿಡುವಿನಲ್ಲಿ ದೇವಾಲಯವೊಂದರ ಜಗುಲಿಯಲ್ಲಿ ಕುಳಿತು ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ನೋಡಿದನು.

ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬನು ಪಾಠದ ಒಂದು ತುಣುಕನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದವರು ಅದನ್ನೇ ಹೇಳುತ್ತ ಬರೆಯುವರು. ನೆಲವೆಲ್ಲ ತುಂಬಿದ ಮೇಲೆ ಅಳಿಸಿ ಹೊಸ ಮರಳನ್ನು ಹರಡುವರು. ಗುರು ಮಾತ್ರ ಕಾಣಲಿಲ್ಲ. ಪಾಠ ಮರೆತರೆ ನಿಮ್ಮನ್ನು ತಿದ್ದುವವರು ಯಾರೆಂದು ಪ್ರವಾಸಿ ಕೇಳಿದನು. ಹುಡುಗರ ಉತ್ತರ ಇದು: ನಾಲ್ವರೂ ಒಂದೇ ಭಾಗವನ್ನು ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದುತ್ತಾನೆ, ಅದಕ್ಕಾಗಿಯೇ ಒಟ್ಟಿಗೆ ಕುಳಿತಿದ್ದೇವೆ. ಆ ಮಾತು ನಿಜವೆಂದು ಅವನೂ ಒಪ್ಪಿ ಬರೆದಿಟ್ಟನು.

ಮಕ್ಕಳು ಮಕ್ಕಳನ್ನು ತಿದ್ದುವುದಕ್ಕೆ ಇಂದಿಗೆ ನೂರಾರು ಪುಟಗಳ ಶಾಸ್ತ್ರ ಬೆಳೆದಿದೆ. ಅದರ ತಿರುಳನ್ನು ಕನ್ನಡ ನಾಡಿನ ನಾಲ್ಕು ಹುಡುಗರು ನಾಲ್ಕು ನೂರು ವರ್ಷಗಳ ಹಿಂದೆಯೇ ಒಂದು ಮಾತಿನಲ್ಲಿ ಹೇಳಿದ್ದರು. ಒಬ್ಬೊಬ್ಬರು ತಪ್ಪುವ ಜಾಗ ಬೇರೆ ಬೇರೆಯಾದ್ದರಿಂದಲೇ ಒಬ್ಬರಿಂದ ಇನ್ನೊಬ್ಬರಿಗೆ ಉಪಯೋಗ.

ಬಳ್ಳಾರಿಯ ವರದಿ, ಮದರಾಸಿನ ಮರಳು

ಇದು ನಾಲ್ಕು ಹುಡುಗರ ಜಾಣತನವಷ್ಟೇ ಆಗಿರಲಿಲ್ಲ; ನಾಡಿನ ಪದ್ಧತಿಯೇ ಆಗಿತ್ತು. ಅದನ್ನು ದಾಖಲೆಗೆ ತಂದ ಕೀರ್ತಿಯಲ್ಲಿ ನಮ್ಮ ಸೀಮೆಗೂ ಒಂದು ಎಳೆ ಸೇರುತ್ತದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಕಂಪನಿಯ ಕೈಸೇರಿದಾಗ, ಕಂದಾಯ ವ್ಯವಸ್ಥೆಗೆಂದು ಬಂದ ಅಧಿಕಾರಿಗಳಲ್ಲಿ ಥಾಮಸ್ ಮನ್ರೋ ಒಬ್ಬನು. 1799ರವರೆಗೆ ಈ ಭಾಗದಲ್ಲಿದ್ದು, ಧರ್ಮಪುರಿಯಲ್ಲಿ ವಾಸಿಸಿದವನು. ಮುಂದೆ ಮದರಾಸಿನ ಗವರ್ನರನಾದ ಮೇಲೆ 1822ರಲ್ಲಿ ಇಡೀ ಪ್ರಾಂತದ ಶಾಲೆಗಳ ಲೆಕ್ಕ ಕೇಳಿದವನೂ ಅವನೇ. 1826ರ ಮಾರ್ಚ್ 10ರ ಅವನ ಟಿಪ್ಪಣಿಯಂತೆ ಪ್ರಾಂತದಲ್ಲಿ 12,498 ಶಾಲೆಗಳಿದ್ದವು. ಹೆಚ್ಚುಕಡಮೆ ಸಾವಿರ ಜನಕ್ಕೊಂದು.

ಆ ವಿಚಾರಣೆಗೆ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿ ಇಂದಿಗೂ ಓದತಕ್ಕದ್ದು. ಆ ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಬೆಳಗ್ಗೆ ಮೊದಲು ಬಂದ ಮಗುವಿನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರು. ಎರಡನೆಯವನ ಕೈಯಲ್ಲಿ ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏರಿಕೆ. ಮಕ್ಕಳನ್ನು ನಾಲ್ಕು ವರ್ಗಗಳಾಗಿ ಮಾಡಿ, ಕೆಳಗಿನ ವರ್ಗಗಳ ಪಾಠವನ್ನು ಬಲ್ಲ ಹುಡುಗರಿಗೆ ಒಪ್ಪಿಸುತ್ತಿದ್ದರು. ಕಲಿಸುತ್ತ ಕಲಿಸುತ್ತ ಕಲಿಸುವ ಹುಡುಗನ ವಿದ್ಯೆಯೂ ಗಟ್ಟಿಯಾಗುತ್ತದೆಂದು ಕ್ಯಾಂಪ್‌ಬೆಲ್ ಮೆಚ್ಚಿದ್ದಾನೆ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದಿದ್ದಾನೆ. ನಮ್ಮ ಹಿರಿಯರು ಕೂಲಿಮಠದ ‘ಹಿರೇಮಣಿ’ ಎಂದೂ, ಇಲ್ಲಿಯ ತಿಣ್ಣೆ ಪಳ್ಳಿಕೂಡದಲ್ಲಿ ‘ಚಟ್ಟಾಂಪಿಳ್ಳೈ’ ಎಂದೂ ಕರೆಯುತ್ತಿದ್ದುದು ಇಂಥ ಹುಡುಗನನ್ನೇ.

ಇಂಗ್ಲೆಂಡಿಗೆ ಇದು ಹೋದ ದಾರಿಯೂ ನಮ್ಮ ಮದರಾಸಿನದೇ. ಅಲ್ಲಿ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಬಾಲಕರ ಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ಊರಿನ ಜಗುಲಿ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಹಾಗೆ ಮಾಡಿಸಲು ಹೊರಟನು. ದೊಡ್ಡ ಉಪಾಧ್ಯಾಯರಿಂದ ಆಗದ ಕೆಲಸವನ್ನು ಜಾನ್ ಫ್ರಿಸ್ಕನ್ ಎಂಬ ಎಳೆಯ ಹುಡುಗ ಮಾಡಿ ತೋರಿಸಿದನು. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಈ ಪ್ರಯೋಗವನ್ನು ಪುಸ್ತಕವಾಗಿ ಪ್ರಕಟಿಸಿದ ಮೇಲೆ ‘ಮದರಾಸು ಪದ್ಧತಿ’ ಎಂಬ ಹೆಸರೇ ಬಿದ್ದಿತು.

ಆದರೆ ಅಲ್ಲಿ ಅದು ಬಹುಕಾಲ ಬಾಳಲಿಲ್ಲ. ಜೋಸೆಫ್ ಲ್ಯಾಂಕಾಸ್ಟರನಂಥವರು ಒಬ್ಬ ಉಪಾಧ್ಯಾಯನಿಂದ ನೂರಾರು ಮಕ್ಕಳಿಗೆ ಅಗ್ಗದಲ್ಲಿ ಪಾಠ ಹೇಳಿಸಲು ಇದನ್ನು ಬಳಸಿದರು. ಮಕ್ಕಳು ಒಬ್ಬರಿಗೊಬ್ಬರು ಗಿಳಿಪಾಠ ಒಪ್ಪಿಸಿದರು; ಗುರು ದೂರವಾದನು. 1846ರಲ್ಲಿ ಸರ್ಕಾರ ಬೇರೆ ದಾರಿ ಹಿಡಿದು, ಹರೆಯದವರಿಗೆ ಸಂಬಳ ಕೊಟ್ಟು ಉಪಾಧ್ಯಾಯ ವೃತ್ತಿಯ ತರಬೇತಿ ನೀಡತೊಡಗಿತು.

ಬಳ್ಳಾರಿಯ ವರದಿಯಲ್ಲಿ ಒಂದು ಸಣ್ಣ ಮಾತಿದೆ; ನಮ್ಮ ಕಣ್ಣು ತೆರೆಸಿದ್ದು ಅದೇ. ಕೆಳಗಿನ ವರ್ಗಗಳನ್ನು ಹುಡುಗರು ನೋಡಿಕೊಳ್ಳುತ್ತಿದ್ದರೂ ಗುರುವಿನ ದೃಷ್ಟಿ ಇಡೀ ಶಾಲೆಯ ಮೇಲಿರುತ್ತಿತ್ತಂತೆ. ಲಂಡನ್ನಿನಲ್ಲಿ ತಪ್ಪಿಹೋದದ್ದು ಆ ದೃಷ್ಟಿ. ನಮ್ಮ ವಾಟ್ಸಾಪ್ ಪ್ರಯೋಗದಲ್ಲಿ ತಪ್ಪಿದ್ದೂ ಅದೇ.

ಯಂತ್ರದೊಳಗಿನ ಜಗುಲಿ

ಈ ವಿಚಾರ ಇಂದು ಮತ್ತೆ ಬಳಕೆಗೆ ಬಂದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಮಕ್ಕಳ ಕೆಲವು ಗುಂಪುಗಳು ಗುರುವಿನ ಸಹಾಯದಿಂದಲೂ, ಕೆಲವು ಜೊತೆಯ ಮಕ್ಕಳ ಸಹಾಯದಿಂದಲೂ, ಒಂದು ಗುಂಪು ತಾನಾಗಿಯೂ ಕಲಿಯುವ ಏರ್ಪಾಡಿತ್ತು. ತಮಿಳುನಾಡಿನಲ್ಲಿ 2003ರಲ್ಲಿ ಚೆನ್ನೈ ನಗರಪಾಲಿಕೆಯ ಶಾಲೆಗಳಲ್ಲಿ ತೊಡಗಿ ಬಳಿಕ ರಾಜ್ಯಕ್ಕೆಲ್ಲ ಹರಡಿದ ಚಟುವಟಿಕೆ ಆಧಾರಿತ ಕಲಿಕೆಯೂ ಇದೇ ಗೋತ್ರದ್ದು. ಎರಡಕ್ಕೂ ಮೂಲ ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳ ಪ್ರಯೋಗ. ಕೇಂದ್ರದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಗುವಿನ ಪ್ರಗತಿಪತ್ರದಲ್ಲಿ ಉಪಾಧ್ಯಾಯರ ಮಾತಿನ ಜೊತೆಗೆ ಮಗುವಿನ ಸ್ವಂತ ಮಾತೂ ಸಹಪಾಠಿಗಳ ಮಾತೂ ಇರಬೇಕೆನ್ನುತ್ತದೆ.

ಅಂತರಜಾಲದಲ್ಲಿ ಇದನ್ನು ನಡೆಸುವುದಕ್ಕೆಂದೇ ಸಿದ್ಧವಾದ ಏರ್ಪಾಡುಗಳುಂಟು. ಕಾಲೇಜುಗಳಲ್ಲಿ ಬಳಸುವ ಮೂಡಲ್ ಎಂಬ ತಂತ್ರಾಂಶದಲ್ಲಿ ‘ವರ್ಕ್‌ಶಾಪ್’ ಎಂಬ ಭಾಗವಿದೆ. ಅಲ್ಲಿ ಕೆಲಸಕ್ಕೆ ಐದು ಹಂತ. ಮೊದಲು ಉಪಾಧ್ಯಾಯನು ಏನು ಬರೆಯಬೇಕು, ಯಾವ ಅಳತೆಯಿಂದ ನೋಡಬೇಕು ಎಂಬುದನ್ನು ಗೊತ್ತುಮಾಡುತ್ತಾನೆ. ಎರಡನೆಯ ಹಂತದಲ್ಲಿ ವಿದ್ಯಾರ್ಥಿಗಳು ಬರೆದು ಒಪ್ಪಿಸುತ್ತಾರೆ. ಮೂರನೆಯದರಲ್ಲಿ ಒಬ್ಬರದನ್ನೊಬ್ಬರು ನೋಡುತ್ತಾರೆ; ಬೇಕೆಂದರೆ ಹೆಸರು ಮರೆಸಬಹುದು. ನಾಲ್ಕನೆಯದರಲ್ಲಿ ಉಪಾಧ್ಯಾಯನು ಆ ತೀರ್ಪುಗಳನ್ನೇ ಪರಿಶೀಲಿಸುತ್ತಾನೆ. ಐದನೆಯದು ಮುಕ್ತಾಯ. ಇದರಲ್ಲಿ ನಮಗೆ ಬಹುವಾಗಿ ಹಿಡಿಸಿದ ಅಂಶಗಳು ಎರಡು. ವಿದ್ಯಾರ್ಥಿಗೆ ಬರೆದುದಕ್ಕೆ ಒಂದು ಅಂಕ, ಇನ್ನೊಬ್ಬರದನ್ನು ಎಷ್ಟು ಚೆನ್ನಾಗಿ ನೋಡಿದನೆಂಬುದಕ್ಕೆ ಬೇರೊಂದು ಅಂಕ. ಮತ್ತು ಗೆಳೆಯರ ಬರಹ ಮುಟ್ಟುವ ಮೊದಲು ಉಪಾಧ್ಯಾಯನೇ ಕೊಟ್ಟ ಮಾದರಿ ಬರಹವನ್ನು ನೋಡಿ ಕೈ ಪಳಗಿಸಿಕೊಳ್ಳಲು ಅವಕಾಶ.

ನಮ್ಮಲ್ಲಿ ಗಣಕಯಂತ್ರವಿಲ್ಲ. ತಂದೆಯ ಕೈಫೋನು ಸಂಜೆ ಮನೆಗೆ ಬಂದ ಮೇಲೆಯೇ ಮಗುವಿನ ಕೈಗೆ ಸಿಗುವುದು. ಆದರೂ ಈ ಕ್ರಮವನ್ನು ವಾಟ್ಸಾಪಿನಲ್ಲಿಯೇ ಪಾಲಿಸಬಹುದೆಂದು ತೋರಿತು.

ನಾವು ಮಾಡಿದ ತಿದ್ದುಪಡಿ

ಮೊದಲ ಕೆಲಸವೆಂದರೆ ಮಕ್ಕಳ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡದ್ದು. ಎರಡು ವಾರ ಎಲ್ಲ ಬರವಣಿಗೆಯನ್ನೂ ನಿಲ್ಲಿಸಿ ನಾವೇ ಒಂದು ಕೆಟ್ಟ ಪ್ರಬಂಧವನ್ನು ಬರೆದೆವು. ವಿಷಯ ನಮ್ಮ ಬಾಲ್ಯದ ಸಂತೆ. ಬೇಕೆಂದೇ ಕಾಗುಣಿತ ಕೆಡಿಸಿ, ಒಂದು ಸಂಗತಿಯನ್ನು ಅರ್ಧಕ್ಕೆ ಬಿಟ್ಟು, ಹೇಳಿದ್ದನ್ನೇ ಎರಡು ಸಲ ಹೇಳಿದ್ದೆವು. ಹೆಡ್ಮಾಸ್ಟರನ್ನು ತಿದ್ದುವ ಅವಕಾಶ ಸಿಕ್ಕಿದರೆ ಮಕ್ಕಳು ಬಿಡುತ್ತಾರೆಯೇ? ಎರಡೂ ಕಡೆಯವರು ಉತ್ಸಾಹದಿಂದ ಮೇಲೆ ಬಿದ್ದರು. ನಾವು ಬೇಕೆಂದು ಮಾಡಿರದ ಒಂದು ತಪ್ಪನ್ನೂ ಹಿಡಿದುಕೊಟ್ಟರು.

ಆಗ ಕೇಳಿದೆವು: “ಇಷ್ಟೊಂದು ಕೆಂಪು ನೋಡಿದರೆ ನಮಗೆ ಇನ್ನೊಂದು ಸಲ ಬರೆಯಬೇಕೆಂದು ಅನ್ನಿಸುತ್ತದೆಯೇನ್ರಪ್ಪ?” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಮಕ್ಕಳೊಡನೆ ಕೂಡಿಯೇ ನಾಲ್ಕು ನಿಯಮಗಳನ್ನು ಮಾಡಿಕೊಂಡೆವು.

ಒಂದು: ಓದಿದ ಬರಹದಿಂದ ತನಗೆ ತಿಳಿದದ್ದೇನೆಂಬುದನ್ನು ಮೊದಲು ಎರಡು ವಾಕ್ಯಗಳಲ್ಲಿ ಬರೆಯಬೇಕು.

ಎರಡು: ಮೆಚ್ಚಿಕೆಯಾದ ಒಂದು ವಾಕ್ಯವನ್ನು ಹಾಗೆಯೇ ನಕಲು ಮಾಡಿ ಕಾರಣ ಹೇಳಬೇಕು. “ಚೆನ್ನಾಗಿದೆ” ಎಂದಷ್ಟೇ ಬರೆದರೆ ಸಲ್ಲದು.

ಮೂರು: ಬರೆದವರಿಗೆ ಒಂದು ಪ್ರಶ್ನೆ ಕೇಳಬೇಕು.

ನಾಲ್ಕು: ಕಾಗುಣಿತದಲ್ಲಿ ಎರಡಕ್ಕಿಂತ ಹೆಚ್ಚು ತಪ್ಪುಗಳನ್ನು ಒಂದು ಸಲಕ್ಕೆ ತಿದ್ದತಕ್ಕದ್ದಲ್ಲ. ತನಗೆ ಗೊತ್ತಿಲ್ಲದ ಪದವನ್ನು ಹೊಡೆಯುವಂತೆಯೇ ಇಲ್ಲ, ಅದೇನೆಂದು ಕೇಳಬೇಕು.

ಅಂಕಗಳನ್ನು ಕೈಬಿಟ್ಟೆವು. ಗೆಳೆಯನಿಗೆ ಹತ್ತಕ್ಕೆ ಹತ್ತು, ಆಗದವನಿಗೆ ಮೂರು ಎಂಬ ವ್ಯವಹಾರ ಮೊದಲ ವಾರವೇ ತಲೆಯೆತ್ತಿತ್ತು. ಹೆಸರಿನ ಬದಲು ಹಕ್ಕಿಗಳ ಹೆಸರು ಕೊಟ್ಟೆವು: ಒಬ್ಬನು ಗೊರವಂಕ, ಒಬ್ಬಳು ಮಡಿವಾಳ. ಆದರೆ ಹೆಸರು ಮರೆಸುವುದರಲ್ಲಿಯೂ ಒಂದು ಅಪಾಯವುಂಟು. ಘಟ್ಟದ ಜಗುಲಿಯ ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು. ತಪ್ಪಿದವನ ಮುಖ ಬಾಡಿದರೆ ತಿದ್ದುವವನ ದನಿ ತಾನಾಗಿಯೇ ಇಳಿಯುತ್ತದೆ. ಫೋನಿನಲ್ಲಿ ಆ ಮುಖವಿಲ್ಲ. ಆದಕಾರಣ ತಿಂಗಳ ಕೊನೆಯ ಭಾನುವಾರ ಹಕ್ಕಿಗಳು ಹೆಸರು ಹೇಳಿಕೊಂಡು ಒಬ್ಬರೊಡನೊಬ್ಬರು ಮಾತಾಡುವ ಏರ್ಪಾಡು ಮಾಡಿದೆವು.

ಪ್ರತಿ ಪುಟವನ್ನೂ ಇಬ್ಬರು ಓದುವರು. ಬರೆಯಲು ಒಂದು ವಾರ, ಓದಲು ಒಂದು ವಾರ. ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆಯಬೇಕು. ಫೋನಿಲ್ಲದ ಮಕ್ಕಳು ಬಿಡಿಬಿಡಿಯಾಗಿ ಬಂದು ನಮ್ಮದನ್ನು ಬಳಸುವರು. ಇಪ್ಪತ್ತೊಂಬತ್ತು ಪುಟಗಳಿಗೆ ಐವತ್ತೆಂಟು ಅಭಿಪ್ರಾಯಗಳು. ಅವೆಲ್ಲವನ್ನೂ ನಾವು, ಷಡ್ಡಕರು ಹಂಚಿಕೊಂಡು ಓದಿದ ಮೇಲೆಯೇ ಮುಂದಕ್ಕೆ ಕಳುಹಿಸುವುದು. ನೋಯಿಸುವ ಮಾತಿದ್ದರೆ ಬರೆದವನಿಗೇ ಮರಳಿಸಿ, ಇನ್ನೊಂದು ರೀತಿಯಲ್ಲಿ ಹೇಳೆಂದು ಕೇಳುವುದು. ಇದರಿಂದ ಉಪಾಧ್ಯಾಯನ ಕೆಲಸ ಉಳಿಯುತ್ತದೆಂದು ಯಾರಾದರೂ ಹೇಳಿದರೆ ವಾಚಕರು ನಂಬಬಾರದು. ಸ್ವತಃ ತಿದ್ದಿದ್ದರೆ ಒಂದು ಸಂಜೆ ಸಾಕಾಗಿತ್ತು. ಇದಕ್ಕೆ ಎರಡು ಬೇಕಾದವು.

ಹಾಲು ಮತ್ತು ಆಲು

ಆ ಎರಡು ಸಂಜೆಗಳಿಗೆ ದೊರೆತ ಪ್ರತಿಫಲ ನಾವು ಎಣಿಸಿರದಂಥದು. ನಮ್ಮ ಮಕ್ಕಳು ತಮಿಳು ಲಿಪಿಯಲ್ಲಿ ಪಳಗಿದವರು. ಆ ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಮಹಾಪ್ರಾಣಗಳಿಗೆ ಬೇರೆ ಅಕ್ಷರವಿಲ್ಲ. ಅದರಿಂದ ನಮ್ಮವರು ‘ಮಗಳು’ ಎನ್ನುವಲ್ಲಿ ‘ಮಕಳು’ ಎಂದೂ, ‘ಭಾಷೆ’ಯನ್ನು ‘ಬಾಷೆ’ ಎಂದೂ ಬರೆಯುವರು. ಬೆಂಗಳೂರಿನ ಮಕ್ಕಳಿಗೆ ಕ-ಗ ತೊಡಕು ಕಾಣದು. ಆದರೆ ಅವರಲ್ಲಿ ಹಲವರು ಹಕಾರವನ್ನು ನುಂಗುವರು. ‘ಹಾಲು’ ಅವರ ಪುಟದಲ್ಲಿ ‘ಆಲು’ ಆಗಿತ್ತು. ‘ಹಕ್ಕಿ’ ಮರದ ಮೇಲೆ ‘ಅಕ್ಕಿ’ಯಾಗಿ ಕುಳಿತಿತ್ತು. ಅದನ್ನು ಮೊದಲು ಕಂಡವರು ನಮ್ಮ ಹಳ್ಳಿಯ ಮಕ್ಕಳು. ಜಗುಲಿಯ ಆ ನಾಲ್ವರು ಹೇಳಿದ್ದು ಇದನ್ನೇ ತಾನೆ? ಎಲ್ಲರೂ ಒಂದೇ ಕಡೆ ತಪ್ಪುವುದಿಲ್ಲ.

ಮನೆ ಹಿಡಿದಿದ್ದ ಹುಡುಗಿಯನ್ನು ಮೊದಲು ಬರೆಯಲು ಕರೆಯಲಿಲ್ಲ, ಓದಲು ಕರೆದೆವು. “ನೀನು ಏನೂ ಬರೆಯಬೇಡಮ್ಮ, ಈ ಒಂದು ಪುಟ ಓದಿ ಹೇಳು ಸಾಕು” ಎಂದೆವು. ಅದು ಆ ಹುಡುಗನದೇ ಪುಟ. ಅವಳಿಗೆ ಅದು ಗೊತ್ತಿರಲಿಲ್ಲ. ‘ಆಲು’ ಎಂಬಲ್ಲಿ ಅವಳು ಪೆನ್ಸಿಲಿನಿಂದ ಮೆತ್ತಗೆ ಗೆರೆ ಎಳೆದು ಪಕ್ಕದಲ್ಲಿ ಬರೆದಳು: “ಇದು ಹಾಲು ಅಲ್ಲವಾ? ನೀವು ಹಸು ಕರೆಯೋದು ಬರೆದಿರೋದು ಚೆನ್ನಾಗಿದೆ. ಹಸುವಿನ ಹೆಸರೇನು?”

ಹುಡುಗನು ಹಸುವಿನ ಹೆಸರನ್ನು ಬರೆದು ಕಳುಹಿಸಿದನು. ಅದರೊಡನೆ ತಾನಾಗಿಯೇ ಇನ್ನೊಂದು ಚೀಟಿಯೂ ಬಂತು: “ಹೊಗೇನಕಲ್ಲಿನ ಬಗ್ಗೆ ಬರೆದವರಿಗೆ: ಪರಿಸಲು ಎಂದರೇನು?”

ಹುಡುಗಿ ಒಂದೂವರೆ ಪುಟ ಬರೆದಳು. ಸೀಳಿದ ಬಿದಿರನ್ನು ಹೆಣೆದು ದುಂಡಗೆ ಮಾಡುವುದು, ಮೇಲೆ ಹಾಳೆ ಹೊದಿಸಿ ಟಾರು ಬಳಿಯುವುದು, ಹಿಂದೆ ತೊಗಲು ಹೊದಿಸುತ್ತಿದ್ದರೆಂದು ಅಜ್ಜಿ ಹೇಳಿದ್ದು, ಒಂದೇ ಹುಟ್ಟಿನಿಂದ ಅಪ್ಪ ಅದನ್ನು ಬುಗುರಿಯಂತೆ ತಿರುಗಿಸುವುದು, ಹೊಳೆ ಉಕ್ಕಿದಾಗ ಕೆಲಸ ನಿಂತು ಮನೆಯಲ್ಲಿ ಕೈ ಬಿಗಿಯಾಗುವುದು, ಎಲ್ಲವನ್ನೂ ಬರೆದಳು. ಹುಡುಗನು ಅದನ್ನು ಹೊಸಪೇಟೆ ಕಡೆಯ ತನ್ನ ಅಜ್ಜಿಗೆ ಓದಿ ಹೇಳಿದನಂತೆ. “ಅದು ನಮ್ಮ ಹೊಳೆಯಾಗಿನ ಹರಿಗೋಲಲ್ಲೇನೋ” ಎಂದರಂತೆ ಆ ಮುದುಕಿ.

ಹರಿಗೋಲು, ಪರಿಸಲು. ತಮಿಳಿನ ಪಾಲ್ ಕನ್ನಡದಲ್ಲಿ ಹಾಲು, ಪುಲಿ ಹುಲಿ. ಹಳಗನ್ನಡದಲ್ಲಿ ಅವು ಪಾಲ್, ಪುಲಿ ಎಂದೇ ಇದ್ದವು. ಅಂದರೆ ಹುಡುಗಿಯ ಪದ ಬೇರೆ ಮನೆಯದಲ್ಲ. ನದಿಯ ಈಚೆಗೆ ನಿಂತ ನಂಟ. ಕನ್ನಡವಲ್ಲವೆಂದು ಹೊಡೆದುಹಾಕಿದ್ದ ಆ ಪದದಿಂದಲೇ ಇಪ್ಪತ್ತೊಂಬತ್ತು ಮಕ್ಕಳೂ ನಮ್ಮ ನುಡಿಯ ಚರಿತ್ರೆಯ ಒಂದು ಪುಟವನ್ನು ಕಲಿತರು. ಆ ತಿಂಗಳ ಭಾನುವಾರ ಹುಡುಗ ಅವಳೊಡನೆ ಫೋನಿನಲ್ಲಿ ಮಾತಾಡಿದನು. ಕ್ಷಮೆ ಕೇಳೆಂದು ನಾವು ಹೇಳಿಕೊಟ್ಟಿರಲಿಲ್ಲ. ಅವನು ಕೇಳಲೂ ಇಲ್ಲ. “ನಾನು ಬಂದರೆ ನಿಮ್ಮಪ್ಪ ಕೂರಿಸಿಕೊಂಡು ಹೋಗ್ತಾರಾ?” ಎಂದಷ್ಟೇ ಕೇಳಿದನು.

ಹೆತ್ತವರಿಗೆ ಒಂದೆರಡು ಮಾತು

ಮಕ್ಕಳು ಪರಸ್ಪರ ತಿದ್ದುವ ಕೆಲಸವನ್ನು ಶಾಲೆಯಿಂದ ಫೋನಿಗೆ ಕಳುಹಿಸಿದಾಗ, ಅದು ಮೇಷ್ಟರ ಸೋಮಾರಿತನವೆಂದು ಬೇಸರಿಸಬೇಡಿರಿ. ಆದರೆ ಮೇಷ್ಟರು ಅದನ್ನು ಓದಿ ನೋಡುತ್ತಾರೆಯೇ ಎಂದು ಅವಶ್ಯವಾಗಿ ಕೇಳಿರಿ. ಮಗು ಇನ್ನೊಬ್ಬರ ಪುಟಕ್ಕೆ ಬರೆದ ಅಭಿಪ್ರಾಯವನ್ನು ಒಮ್ಮೆ ನಿಮ್ಮೆದುರಿಗೆ ಗಟ್ಟಿಯಾಗಿ ಓದಿಸಿರಿ. ಎದುರಿಗೆ ಹೇಳಲಾಗದ ಮಾತು ಫೋನಿನಲ್ಲಿಯೂ ಬೇಡವೆಂಬುದು ಅದಕ್ಕೆ ತಾನಾಗಿ ತಿಳಿಯುತ್ತದೆ. ನಿಮ್ಮ ಮಗುವಿನ ಪುಟಕ್ಕೆ ಬಂದ ಅಭಿಪ್ರಾಯವನ್ನೂ ಓದಿರಿ. ಓದಲು ಬಾರದಿದ್ದರೆ ಮಗುವಿನಿಂದಲೇ ಓದಿಸಿ ಕೇಳಿರಿ. ಮನೆಯಲ್ಲಿ ಕನ್ನಡದ ಓದು ಹಾಗೆಯೂ ಆರಂಭವಾದೀತು.

ಶಾಲೆಗಳು ತೆರೆದ ಮೇಲೆ ನಮ್ಮ ಶನಿವಾರದ ಜಗುಲಿ ಮತ್ತೆ ತುಂಬಿತು. ಪುಟಗಳ ವಿನಿಮಯವನ್ನು ಮಾತ್ರ ನಿಲ್ಲಿಸಲಿಲ್ಲ. ಮೊನ್ನೆ ಆ ಹುಡುಗಿಯ ಮನೆಯ ಮುಂದೆ ಹಾದುಹೋಗುವಾಗ ಅಜ್ಜಿ ಕರೆದು ಕೂರಿಸಿ, ಸೆರಗಿನ ಗಂಟಿನಿಂದ ಒಂದು ಲಗ್ನಪತ್ರಿಕೆ ತೆಗೆದರು. ಚಾಮರಾಜನಗರದ ಕಡೆಯ ನಂಟರದು. ಓದಿ ಹೇಳಲೆಂದು ನಾವು ಕನ್ನಡಕಕ್ಕೆ ಕೈ ಹಾಕಿದೆವು.

“ಬ್ಯಾಡಿ ಮೇಷ್ಟ್ರೇ, ಮಗು ಓದಿ ಆಗದೆ” ಎಂದರು. “ಇದ್ರಾಗೆ ಎರಡು ತಪ್ಪು ಅವಂತೆ. ಎರಡೇ ಹೇಳಬೇಕಂತಲ್ಲ, ಅದಕ್ಕೆ ಮೂರನೇದು ಹೇಳಾಕಿಲ್ಲ ಅಂದಳು.”